ಗ್ಯಾಲಕ್ಸಿಗಳ ಸುತ್ತಲಿನ ಕಾಣದ ದ್ರವ್ಯವನ್ನು ಅಳೆಯುವುದು ಹೇಗೆ?

ಪ್ರಶ್ನೆ (ಕೋಥ್ರೂಡ್, ಪುಣೆ):
ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿರುವ ಜಿಎಂಆರ್‌ಟಿ ರೇಡಿಯೊ ದೂರದರ್ಶಕವನ್ನು ಮಗಳೊಂದಿಗೆ ನೋಡಿ ಬಂದೆ. ಬೆಳಕನ್ನೇ ಸೂಸದ ಕಪ್ಪು ದ್ರವ್ಯವನ್ನು ಇಂಥ ಉಪಕರಣದಿಂದ ತಿಳಿಯುವುದು ಹೇಗೆ ಎಂಬುದು ಅವಳ ಪ್ರಶ್ನೆ. ಬಲ್ಲವರು ದಯವಿಟ್ಟು ವಿವರಿಸಿ.

ಉತ್ತರ 1 (ಔಂಧ್):
ಸರ್, ಅಲ್ಲಿನ 45 ಮೀಟರ್ ವ್ಯಾಸದ 30 ಆ್ಯಂಟೆನಾಗಳು ಕಪ್ಪು ದ್ರವ್ಯವನ್ನು ನೇರವಾಗಿ ಕಾಣುವುದಿಲ್ಲ; ಗ್ಯಾಲಕ್ಸಿಯ ಹೈಡ್ರೋಜನ್ ಅನಿಲ ಸೂಸುವ 21 ಸೆಂಟಿಮೀಟರ್ ಅಲೆಗಳನ್ನು ಗ್ರಹಿಸುತ್ತವೆ. ಅನಿಲ ನಮ್ಮತ್ತ ಬರುತ್ತಿದ್ದರೆ ಅಲೆಯ ಉದ್ದ ಕುಗ್ಗುತ್ತದೆ, ದೂರ ಸರಿಯುತ್ತಿದ್ದರೆ ಹಿಗ್ಗುತ್ತದೆ. ಈ ವ್ಯತ್ಯಾಸದಿಂದಲೇ ಅದರ ಪರಿಭ್ರಮಣ ವೇಗ ತಿಳಿಯುತ್ತದೆ. ನಮ್ಮ ಸೌರಮಂಡಲದಲ್ಲಿ ಬುಧ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಸುತ್ತಿದರೆ, ದೂರದ ನೆಪ್ಚೂನ್‌ನ ವೇಗ ಕೇವಲ 5.4. ಗ್ಯಾಲಕ್ಸಿಯ ಅಂಚಿನಲ್ಲೂ ವೇಗ ಹೀಗೆಯೇ ಇಳಿಯಬೇಕಿತ್ತು. ಆದರೆ ನಕ್ಷತ್ರಗಳು ವಿರಳವಾದ ನಂತರವೂ ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ, ಅಂದರೆ ಹೊರಗೆ ಹೋದಷ್ಟೂ ಒಳಗಿನ ಒಟ್ಟು ದ್ರವ್ಯರಾಶಿ ಹೆಚ್ಚುತ್ತಲೇ ಇರುತ್ತದೆ; ಕಣ್ಣಿಗೆ ಕಾಣದ ಆ ಹೆಚ್ಚುವರಿಯನ್ನೇ ಕಪ್ಪು ದ್ರವ್ಯ ಎನ್ನುತ್ತಾರೆ. 1970ರಲ್ಲಿ ಖಗೋಳವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿಯ ಪರಿಭ್ರಮಣ ವೇಗಗಳನ್ನು ತಾಳ್ಮೆಯಿಂದ ಅಳೆದು ಪ್ರಕಟಿಸಿದರು. ಆ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ.

ಉತ್ತರ 2 (ಠಾಣೆ):
ಇನ್ನೊಂದು ದಾರಿ ಗುರುತ್ವ ಮಸೂರ, ಅಂದರೆ ದ್ರವ್ಯರಾಶಿಯ ಗುರುತ್ವವು ಪಕ್ಕದಲ್ಲಿ ಹಾಯುವ ಬೆಳಕನ್ನು ಮಸೂರದಂತೆ ಬಾಗಿಸುವುದು. ಹಿನ್ನೆಲೆಯ ಗ್ಯಾಲಕ್ಸಿಗಳ ಬೆಳಕು ಎಷ್ಟು ಬಾಗಿದೆ ಎಂಬುದರಿಂದ ನಡುವಿನ ದ್ರವ್ಯರಾಶಿಯ ನಕ್ಷೆ ಬರೆಯಬಹುದು. ಬುಲೆಟ್ ಗುಚ್ಛದಲ್ಲಿ ಎರಡು ಗ್ಯಾಲಕ್ಸಿ ಗುಚ್ಛಗಳು ಡಿಕ್ಕಿಯಾದಾಗ ಎಕ್ಸ್‌-ರೇ ಸೂಸುವ ಬಿಸಿ ಅನಿಲ ಹಿಂದುಳಿಯಿತು, ಆದರೆ ಮಸೂರದ ನಕ್ಷೆಯ ಪ್ರಕಾರ ದ್ರವ್ಯರಾಶಿಯ ಹೆಚ್ಚಿನ ಪಾಲು ಮುಂದೆ ಸಾಗಿತ್ತು. ನನಗೆ ಇದು ಅತ್ಯಂತ ಬಲವಾದ ಸಾಕ್ಷ್ಯವೆನಿಸುತ್ತದೆ.

ಉತ್ತರ 3 (ಮಡಗಾಂವ್):
ಆ ದ್ರವ್ಯ ಯಾವ ಕಣಗಳಿಂದಾಗಿದೆ ಎಂಬುದು ಇನ್ನೂ ತಿಳಿದಿಲ್ಲವೆಂದು ಮಗಳಿಗೆ ತಪ್ಪದೆ ಹೇಳಿ.