ಹೈದರಾಬಾದಿನ ಮೂಸಿ ಪ್ರವಾಹದ ನೆನಪಿನ ನಡಿಗೆ: ಅಪ್ಪನನ್ನು ಕರ್ಕೊಂಡು ಹೋಗಬಹುದಾ?

ಮಂಡ್ಯದ ಮಗಳು:
ಎಲ್ಲರಿಗೂ ನಮಸ್ಕಾರ. 1908ರ ಮೂಸಿ ನದಿ ಪ್ರವಾಹದ ನೆನಪಿಗೆ ಸೆಪ್ಟೆಂಬರ್ 28ರ ಹೊತ್ತಿಗೆ ಹೈದರಾಬಾದಿನಲ್ಲಿ ಗೈಡ್ ಜೊತೆ ನಡಿಗೆ ಇರುತ್ತೆ ಅಂತ ಕೇಳಿದೆ. ನಮ್ಮಪ್ಪ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಿಡೋ ನೀರುಗಂಟಿ ಆಗಿದ್ದವರು. ಮನೇಲಿ ದೇವರ ಪಟದ ಪಕ್ಕದಲ್ಲೇ ವಿಶ್ವೇಶ್ವರಯ್ಯನವರ ಪಟ. ಕೆಆರ್‌ಎಸ್‌ಗೂ ಮೊದಲು ಸರ್ ಎಂವಿ ಆ ಊರಿಗೆ ಏನು ಮಾಡಿದರು ಅಂತ ಅಪ್ಪನಿಗೆ ತೋರಿಸೋ ಆಸೆ. ವಯಸ್ಸು 71, ಮಂಡಿ ನೋವಿದೆ. ಯಾರಾದ್ರೂ ಹೋಗಿದ್ದೀರಾ?

ಕಾಚಿಗುಡದ ಕಲಬುರಗಿಯವ:
ಕರ್ಕೊಂಡು ಬರ್ರಿ ತಂಗಿ. ನಾ ಮೂರು ಸಲ ಹೋಗೀನಿ. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರಿ ಅಂಗಳದಾಗ ಒಂದು ಹಳೇ ಹುಣಸಿ ಗಿಡ ಅದ. ನೀರು ಏರಿದಾಗ ಸುಮಾರು 150 ಮಂದಿ ಅದರ ಕೊಂಬಿ ಹಿಡ್ಕೊಂಡು ಜೀವ ಉಳಿಸ್ಕೊಂಡರು. ಊರಾಗ ಸತ್ತವರು 15,000 ಅಂತ ಅಂದಾಜು. ಉರ್ದು ಕವಿ ಅಮ್ಜದ್ ಹೈದರಾಬಾದಿ ಅವರ ತಾಯಿ, ಹೆಂಡತಿ, ಮಗಳು ಮೂವರೂ ಹೋದದ್ದು ಆವಾಗನೇ.

ಹೋದ ಸಲದ ಒಂದು ಮಾತು ಹೇಳ್ತೀನಿ. ರೋಗಿ ಕಡಿಯಾಕಿ ಒಬ್ಬ ಹೆಣ್ಮಗಳು ಗಿಡದ ಬುಡದಾಗ ರೊಟ್ಟಿ ಬುತ್ತಿ ಬಿಚ್ಚಿ ಕುಂತಿದ್ದಳು. ನಮ್ಮ ಗೈಡ್ ದಖ್ನಿ ಉರ್ದುವಿನೊಳಗ ಹೇಳ್ತಿದ್ದ. ಆಕಿ ಕೇಳ್ತಾ ಕೇಳ್ತಾ ಕೈಯಾಗಿನ ತುತ್ತು ಹಂಗೇ ಹಿಡಿದು, ತಲಿ ಎತ್ತಿ ಕೊಂಬಿ ನೋಡಿದಳು. "ಸಣ್ಣ ಕೂಸುಗಳನ್ನ ಹ್ಯಾಂಗ ಹಿಡಿದಿದ್ದರು?" ಅಂತ ಕೇಳಿದಳು. ಗೈಡ್ ಸುಮ್ಮನಾದ. ನಂಗ ಇವತ್ತಿಗೂ ಆ ಪ್ರಶ್ನಿ ಬಿಟ್ಟಿಲ್ಲ.

ಮಂಡಿ ನೋವಿನ ಚಿಂತಿ ಬ್ಯಾಡ. ಗಿಡದಿಂದ ನಯಾಪುಲ್ ಸೇತುವಿ ಹತ್ತಿರನೇ ಅದ, ನಿಧಾನ ಬರಬಹುದು. ಪುರಾನಾಪುಲ್‌ಗೆ ಮಾತ್ರ ಆಟೋ ಮಾಡ್ರಿ. 1578ರ ಆ ಸೇತುವಿ ಪ್ರವಾಹದಾಗ ಉಳೀತು, ಕೆಳಗಿನವು ಕೊಚ್ಚಿ ಹೋದವು.

ರಾಯಚೂರು ಸಿವಿಲ್:
ಮೇಡಂ, ನಡಿಗೆ ಮುಗಿದ ಮೇಲೆ ತಂದೆಯವರನ್ನು ಗಂಡಿಪೇಟೆಗೆ ಕರೆದುಕೊಂಡು ಹೋಗಿ. ನೀವು ನೋಡಬೇಕು ಅಂದಿದ್ದು ಅಲ್ಲಿದೆ. ಸರ್ ಎಂವಿ 1909ರಲ್ಲಿ ಹೈದರಾಬಾದಿಗೆ ಬಂದು ಪರಿಶೀಲಿಸಿದಾಗ ನದಿಯ ಮೇಲ್ಭಾಗದ 788 ಕೆರೆಗಳಲ್ಲಿ 221 ಒಡೆದಿದ್ದವು ಎಂದು ಲೆಕ್ಕ ಕೊಟ್ಟರು. ಒಂದು ಕೆರೆಯ ಏರಿ ಒಡೆದರೆ ಆ ನೀರು ಕೆಳಗಿನ ಕೆರೆಗೆ ನುಗ್ಗುತ್ತದೆ, ಅದೂ ಒಡೆಯುತ್ತದೆ. ಹಾಗಾಗಿ ಊರಿನ ಮೇಲ್ಗಡೆ ನೀರು ತಡೆಯುವ ಜಲಾಶಯ ಬೇಕು ಎಂದರು. ಮೂಸಿಗೆ ಉಸ್ಮಾನ್ ಸಾಗರ 1920ರಲ್ಲಿ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ 1927ರಲ್ಲಿ ಮುಗಿಯಿತು. ಗಂಡಿಪೇಟೆ ಅಂದರೆ ಉಸ್ಮಾನ್ ಸಾಗರವೇ.

ಕಾಚಿಗುಡದ ಕಲಬುರಗಿಯವ:
ಸರ್ ಹೇಳಿದ್ದು ಖರೆ. ಆದರ ನನ್ನ ಸಂಕಟ ಇಲ್ಲೇ ಅದ. ನಾ ಹೋದ ಮೂರೂ ಸಲ ಗೈಡ್ ಗಿಡದ ಕಥಿ, ನಿಜಾಮರ ಕಥಿ ಹೇಳಿದ, ಕೆರಿ ಸುದ್ದಿ ಎತ್ತಲಿಲ್ಲ. ಎರಡು ಜಲಾಶಯ ಕಟ್ಟಿದರು, ಮುಗೀತು ಅಂದ. ಮುಗಿದಿಲ್ರಿ. 2025ರ ಸೆಪ್ಟೆಂಬರ್ ಕೊನಿಗೆ ಜಲಾಶಯದಿಂದ ನೀರು ಬಿಟ್ಟಾಗ ಎಂಜಿಬಿಎಸ್ ಬಸ್ ನಿಲ್ದಾಣದೊಳಗ ಮೂಸಿ ನುಗ್ಗಿತು. ಕಲಬುರಗಿ ಬಸ್ಸಿಗೆ ನಾ ಯಾವಾಗಲೂ ನಿಲ್ಲೋ ಜಾಗ ಅದು. ನಿಲ್ದಾಣ ನದಿ ಪಾತ್ರದಾಗೇ ಅದ. ಗಿಡದಿಂದ ಅಲ್ಲಿಗೆ ಭಾಳ ದೂರ ಇಲ್ಲ, ಆದರ ನಡಿಗಿ ಆ ಕಡೆ ಹೋಗೋದೇ ಇಲ್ಲ. ನಿಮ್ಮಪ್ಪಾರು ನಾಲಿ ಕಾಯ್ದವರು, ಅವರಿಗೆ ಇದನ್ನೂ ತೋರಿಸ್ರಿ. ಬೇಕಂದ್ರ ನಾನೇ ಜೊತಿಗೆ ಬರ್ತೀನಿ.

ಮಂಡ್ಯದ ಮಗಳು:
ಅಣ್ಣಾ, ಕಾಚಿಗುಡ ರೈಲಿಗೆ ಎರಡು ಟಿಕೆಟ್ ಮಾಡಿಸಿದೆ. ನೀವಿಬ್ಬರೂ ಬರೆದದ್ದನ್ನ ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಇನ್ನೂರ ಇಪ್ಪತ್ತೊಂದು ಕೆರೆ ಏರಿ ಆಮೇಲೆ ಕಟ್ಟಿಸಿದ್ರಂತಾ?" ಅಂದರು. ಗೈಡನ್ನೇ ಕೇಳ್ತಾರಂತೆ. ಅಪ್ಪನಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ, ನೀವು ಪಕ್ಕದಲ್ಲಿದ್ದು ದಖ್ನಿಯಲ್ಲಿ ಹೇಳಿಕೊಡಬೇಕು.