ರಂಗಗೀತೆ, ನಾಟಕ ಬರೆದು ಬದುಕಬಹುದೇ?

ಪ್ರಶ್ನೆ (ತೀರ್ಥಹಳ್ಳಿ):
ಪದವಿ ಮುಗಿಸಿರುವ ನನ್ನ ತಂಗಿಗೆ ನಾಟಕವನ್ನೂ ಅದರ ಹಾಡುಗಳನ್ನೂ ತಾನೇ ಬರೆಯುವ ಹಂಬಲವಿದೆ. ಇದನ್ನೇ ವೃತ್ತಿಯಾಗಿ ನೆಚ್ಚಿಕೊಳ್ಳಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಶಿವಮೊಗ್ಗ):
ಬರವಣಿಗೆಯೊಂದನ್ನೇ ನೆಚ್ಚಿದವರು ವಿರಳ. ಚಂದ್ರಶೇಖರ ಕಂಬಾರರು ಅಧ್ಯಾಪನ ಮಾಡುತ್ತಲೇ ನಾಟಕ, ಹಾಡು ಎರಡನ್ನೂ ಬರೆದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಅವರ ನಾಟಕಗಳಲ್ಲಿ ಹಾಡು ಕಥೆಯ ನಡುವಿನ ಬಿಡುವಲ್ಲ, ಕಥೆಯನ್ನು ಮುನ್ನಡೆಸುವುದೇ ಹಾಡು.

ಉತ್ತರ (ಸಾಗರ):
ಹೆಗ್ಗೋಡಿನಲ್ಲಿ ನೀನಾಸಮ್ ಎಂಬ ರಂಗಸಂಸ್ಥೆ 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದ ಬಗ್ಗೆ ನಿಮ್ಮ ತಂಗಿ ವಿಚಾರಿಸಲಿ. ತಾಲೀಮಿನಲ್ಲಿ ಹಾರ್ಮೋನಿಯಂ ಪಕ್ಕ ಕುಳಿತು ಬರೆಯುವವರಿಗೆ ಮಾತ್ರ ತಿಳಿಯುವ ಸಂಗತಿಗಳಿವೆ: ಕುಣಿಯುತ್ತ ಹಾಡುವ ನಟನಿಗೆ ಸಾಲಿನ ಕೊನೆಯಲ್ಲಿ ಉಸಿರೆಳೆದುಕೊಳ್ಳಲು ಎಡೆಯಿರಬೇಕು, ಒತ್ತಕ್ಷರಗಳು ಒಂದರ ಹಿಂದೊಂದು ಬಂದರೆ ಕೊನೆಯ ಸಾಲಿನ ಪ್ರೇಕ್ಷಕರಿಗೆ ಪದಗಳೇ ಕೇಳಿಸುವುದಿಲ್ಲ. ಈ ಪಾಠ ಪುಸ್ತಕದಿಂದ ದಕ್ಕುವುದಿಲ್ಲ ಎಂದೇ ನನ್ನ ದೃಢವಾದ ಅಭಿಪ್ರಾಯ.

ಉತ್ತರ (ಹೊಸನಗರ):
ಹಣದ ವಿಷಯವನ್ನು ಸಂಕೋಚಪಟ್ಟು ಬಿಡಬೇಡಿ. ನಮ್ಮ ಕಾನೂನಿನಂತೆ ಕೃತಿಯ ಹಕ್ಕುಸ್ವಾಮ್ಯ ಲೇಖಕರ ಜೀವಿತಾವಧಿಯಲ್ಲದೆ ಮುಂದಿನ 60 ವರ್ಷವೂ ಇರುತ್ತದೆ. ಆದ್ದರಿಂದ ಪ್ರದರ್ಶನದ ಸಂಭಾವನೆ, ಮರುಪ್ರದರ್ಶನದ ಅನುಮತಿ, ಹಾಡುಗಳ ಧ್ವನಿಮುದ್ರಣ ಈ ಮೂರರ ಬಗ್ಗೆಯೂ ತಂಡದೊಂದಿಗೆ ಮೊದಲೇ ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಲಿ.