ಕುಂಬಾರಗಿತ್ತಿ ಅಂದರೆ ಕುಂಬಾರನ ಹೆಂಡತಿ ಮಾತ್ರವೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ನೈಜೀರಿಯಾದ ಲಾಡಿ ಕ್ವಾಲಿ ಅವರ ಬಗ್ಗೆ ಬರೆಯುತ್ತಿದ್ದೇನೆ. ಅವರನ್ನು 'ಕುಂಬಾರಗಿತ್ತಿ' ಅಂತ ಕರೆದೆ. ಓದಿದ ಗೆಳತಿ, "ಹಾಗಾದ್ರೆ ಇವರ ಗಂಡ ಕುಂಬಾರನಾ?" ಅಂದಳು.

ಇಲ್ಲ, ಮಡಕೆ ಮಾಡುತ್ತಿದ್ದವರು ಇವರೇ. ಇವರ ಸಮುದಾಯವಾದ ಗ್ವಾರಿ ಜನರಲ್ಲಿ ಅದು ಹೆಂಗಸರ ಕಸುಬು. 1925ರ ಸುಮಾರಿಗೆ ಕ್ವಾಲಿ ಅನ್ನೋ ಹಳ್ಳಿಯಲ್ಲಿ ಹುಟ್ಟಿದ ಲಾಡಿ, ಮನೆಯ ಹಿರಿಯ ಹೆಂಗಸರಿಂದಲೇ ಇದನ್ನು ಕಲಿತರು. ಅವರ ದೊಡ್ಡ ಕೊಡಗಳಿಗೆ ತಿಗರಿ ಬೇಕಿರಲಿಲ್ಲ. ಮಣ್ಣನ್ನು ಹಗ್ಗದ ಹಾಗೆ ಉದ್ದಕ್ಕೆ ಹೊಸೆದು, ಸುತ್ತಿನ ಮೇಲೆ ಸುತ್ತು ಏರಿಸಿ, ಒಳಗಿನಿಂದ ಮರದ ಹಲಗೆಯಲ್ಲಿ ಬಡಿದು ಹೊಟ್ಟೆ ಉಬ್ಬಿಸುತ್ತಿದ್ದರು. ಆಮೇಲೆ ಹಸಿ ಮಣ್ಣಿನ ಮೇಲೆ ಹಲ್ಲಿ, ಚೇಳು, ಮೊಸಳೆ, ಮೀನುಗಳನ್ನು ಗೀರುತ್ತಿದ್ದರು. ಎಷ್ಟು ಚೆಂದದ ಗೆರೆಗಳು ಅಂತೀರಿ!

ಅಬುಜಾದ ಎಮಿರ್ (ಅಲ್ಲಿನ ಅರಸ) ಅರಮನೆಯಲ್ಲಿದ್ದ ಅವರ ಕೊಡಗಳನ್ನು 1950ರಲ್ಲಿ ಇಂಗ್ಲೆಂಡಿನ ಕುಂಬಾರ ಮೈಕಲ್ ಕಾರ್ಡ್ಯೂ ನೋಡಿದರು. (ಆ ಅಬುಜಾ ಈಗಿನ ರಾಜಧಾನಿ ಅಲ್ಲ, ಇವತ್ತಿನ ಸುಲೇಜಾ.) ಕಾರ್ಡ್ಯೂ ಅಲ್ಲಿ ತೆರೆದ ಕುಂಬಾರಿಕೆ ತರಬೇತಿ ಕೇಂದ್ರಕ್ಕೆ 1954ರಲ್ಲಿ ಲಾಡಿ ಸೇರಿದರು. ಅಲ್ಲಿಗೆ ಸೇರಿದ ಮೊದಲ ಹೆಂಗಸು ಅವರೇ. ಹಳೆಯ ಆಕಾರ ಬಿಡದೆ, ಗಾಜಿನಂಥ ಮೆರುಗು ಕೊಟ್ಟು ಜಾಸ್ತಿ ಬಿಸಿಯ ಆವಿಗೆಯಲ್ಲಿ ಸುಡೋದನ್ನು ಕಲಿತರು. 1977ರಲ್ಲಿ ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1984ರಲ್ಲಿ ತೀರಿಕೊಂಡರು. ನೈಜೀರಿಯಾದ 20 ನೈರಾ ನೋಟಿನ ಹಿಂಬದಿಯಲ್ಲಿ ಅವರ ಚಿತ್ರವಿದೆ.

ಕಾರ್ಡ್ಯೂ ಅವರನ್ನು 'ಕುಂಬಾರ' ಅಂದರೆ ಅರ್ಥ ತಟ್ಟನೆ ಆಗುತ್ತೆ. ಲಾಡಿಯವರಿಗೂ ಅಷ್ಟೇ ನೇರವಾದ ಪದ ಬೇಕು ಅಲ್ವಾ? 'ಸೆರಾಮಿಕ್ ಶಿಲ್ಪಿ' ಅನ್ನಬಹುದು, ತಪ್ಪೇನಿಲ್ಲ. ಆದರೆ ಅವರು ಕಟ್ಟಿದ್ದು ನೀರು ತುಂಬುವ ಕೊಡ. ಹೆಸರಿನಲ್ಲಿ ಆ ಕಸುಬು ಕಾಣದಿದ್ದರೆ ನನಗೆ ಸಮಾಧಾನವಿಲ್ಲ.

'-ಗಿತ್ತಿ' ಅಂದರೆ ಹೆಂಡತಿ ಅಂತಲೇ ಆಗಬೇಕಿಲ್ಲ. ಸೂಲಗಿತ್ತಿ, ಹೂವಾಡಗಿತ್ತಿ ಎರಡೂ ಹೆಂಗಸಿನ ಸ್ವಂತ ಕೆಲಸದ ಹೆಸರು. 'ಕುಂಬಾರಗಿತ್ತಿ' ಮಾತ್ರ ಗಂಡನ ಕಡೆಗೆ ವಾಲಿದ್ದು, ನಮ್ಮಲ್ಲಿ ತಿಗರಿ ಹೆಚ್ಚಾಗಿ ಗಂಡಸರ ಕೈಯಲ್ಲೇ ಇದ್ದದ್ದಕ್ಕೆ ಇರಬೇಕು. "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಅನ್ನೋ ಗಾದೆಯಲ್ಲೂ ಮಾಡುವವನು ಗಂಡಸೇ.

ನಿಮ್ಮ ಕಡೆ ತಾನೇ ಮಡಕೆ ಮಾಡುವ ಹೆಂಗಸಿಗೆ ಏನಂತಾರೆ? ಕುಂಬಾರ್ತಿ ಅಂತಲೋ, ಬೇರೆ ಏನಾದರೂ ಇದೆಯೋ? ಹಾಗೆಯೇ, ತಿಗರಿಯಿಲ್ಲದೆ ಮಣ್ಣು ಹೊಸೆದು ಕಟ್ಟುವ ಕೆಲಸಕ್ಕೆ ಕುಂಬಾರರ ಮನೆಗಳಲ್ಲಿ ಬಳಸುವ ಮಾತು ಇದ್ದರೆ, ಊರಿನ ಹೆಸರಿನ ಜೊತೆ ತಿಳಿಸಿ.